ಎಳೆಯರ ಕೈಗೆ ವಾಹನ: ಪೋಷಕರ ಮತ್ತು ಸಮಾಜದ ಹೊಣೆ

ಥಾಣೆ–ಬೇಲಾಪುರ ರಸ್ತೆಯಿಂದ ಕವಲೊಡೆದು ಶಿಳ್‌ಫಾಟಾ ಕಡೆಗೆ ಸಾಗುವ ಮಾರ್ಗವು ಮಹಾಪೆಯ ಕೈಗಾರಿಕಾ ಪ್ರದೇಶವನ್ನು ಹಾದು, ಡೊಂಬಿವಲಿ ಮತ್ತು ಕಲ್ಯಾಣಗಳಿಗೆ ಸಂಪರ್ಕ ಕಲ್ಪಿಸುತ್ತದೆ. ಬಂದರಿನ ಕಂಟೇನರ್ ಲಾರಿಗಳು, ಕಾರ್ಖಾನೆಗಳ ಟ್ಯಾಂಕರುಗಳು ಮತ್ತು ಬಸ್ಸುಗಳ ನಡುವೆಯೇ ಇಲ್ಲಿ ದ್ವಿಚಕ್ರ ವಾಹನಗಳೂ ಚಲಿಸಬೇಕು. ಅನುಭವಿ ಚಾಲಕರಿಗೂ ಸದಾ ಎಚ್ಚರ ಅಗತ್ಯವಾದ ಇಂತಹ ರಸ್ತೆಗೆ ಹದಿನಾರು, ಹದಿನೇಳು ವರ್ಷದ ವಿದ್ಯಾರ್ಥಿಯು ಟ್ಯೂಷನ್ನಿಗೆಂದು ಮನೆಯ ಸ್ಕೂಟರನ್ನು ಇಳಿಸಿದರೆ, ಅದರ ಹೊಣೆ ಅವನೊಬ್ಬನದೇ ಅಲ್ಲ. ಕೀಲಿಕೈ ಅವನಿಗೆ ದೊರೆತದ್ದು ಮನೆಯಿಂದ.

ಅಪಾಯದ ಕಾರಣಗಳು

ವಾಹನ ನಡೆಸುವ ಕೈಚಳಕ ಕೆಲವೇ ದಿನಗಳಲ್ಲಿ ಬರುತ್ತದೆ. ಅಪಾಯವನ್ನು ಮುಂಗಾಣುವ ಶಕ್ತಿ ಅನುಭವದಿಂದ ಮಾತ್ರ ಬೆಳೆಯುತ್ತದೆ. ಲಾರಿಯ ಎಡಬದಿಯಲ್ಲಿ ಚಲಿಸುವ ಸ್ಕೂಟರು ಅದರ ಚಾಲಕನಿಗೆ ಕಾಣದಿರಬಹುದು, ಮಳೆನೀರಿನಡಿ ಗುಂಡಿ ಅಡಗಿರಬಹುದು ಎಂಬ ಅರಿವು ಹೊಸಬರಿಗೆ ಇರುವುದಿಲ್ಲ. ಹಿಂಬದಿಯಲ್ಲಿ ಗೆಳೆಯರಿದ್ದರೆ ವೇಗದ ಹುಮ್ಮಸ್ಸೂ ಸೇರುತ್ತದೆ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನರು ಮಡಿದರು. ಅವರಲ್ಲಿ 50,029 ಮಂದಿ ಹೆಲ್ಮೆಟ್ ಧರಿಸದಿದ್ದ ಸವಾರರು ಮತ್ತು ಹಿಂಬದಿ ಸವಾರರು.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನಗಳ ಕಾಯ್ದೆಯ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ವಾಹನ ಚಲಾಯಿಸಲು 18 ವರ್ಷ ತುಂಬಿರಬೇಕು. 50 ಸಿ.ಸಿ. ಮೀರದ ಎಂಜಿನ್ನಿನ ದ್ವಿಚಕ್ರ ವಾಹನವನ್ನು ಮಾತ್ರ 16 ತುಂಬಿದವರು ಪರವಾನಗಿ ಪಡೆದು ನಡೆಸಬಹುದು. ಇಂದು ಬಳಕೆಯಲ್ಲಿರುವ ಸಾಮಾನ್ಯ ಸ್ಕೂಟರುಗಳು ಈ ಮಿತಿಯೊಳಗೆ ಬರುವುದಿಲ್ಲ. ವಿದ್ಯುತ್ ಸ್ಕೂಟರಿಗೆ ಪರವಾನಗಿ ಬೇಕಿಲ್ಲವೆಂಬ ನಂಬಿಕೆಯೂ ಪೂರ್ಣ ಸರಿಯಲ್ಲ. ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ವೇಗದ, ಅಲ್ಪಶಕ್ತಿಯ ವಾಹನಗಳಿಗೆ ಮಾತ್ರ ಆ ವಿನಾಯಿತಿ ಉಂಟು.

2019ರ ತಿದ್ದುಪಡಿಯು 199ಎ ವಿಧಿಯನ್ನು ಸೇರಿಸಿತು. ಅದರಂತೆ ಅಪ್ರಾಪ್ತ ವಯಸ್ಕರು ಕಾಯ್ದೆಯನ್ವಯ ಅಪರಾಧವೆಸಗಿದರೆ ಪೋಷಕರು ಅಥವಾ ವಾಹನದ ಮಾಲೀಕರು ತಪ್ಪಿತಸ್ಥರೆಂದು ಪರಿಗಣಿತರಾಗುತ್ತಾರೆ. ಅವರಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು, ಬಾಲಕನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಇಲ್ಲ. ತಮಗೆ ತಿಳಿಯದೆ ನಡೆಯಿತೆಂದು ಅಥವಾ ತಡೆಯಲು ತಕ್ಕ ಎಚ್ಚರ ವಹಿಸಲಾಗಿತ್ತೆಂದು ರುಜುವಾತುಪಡಿಸುವ ಭಾರ ಹಿರಿಯರದೇ.

2024ರ ಮೇ 19ರಂದು ಪುಣೆಯ ಕಲ್ಯಾಣಿನಗರದಲ್ಲಿ 17 ವರ್ಷದ ಬಾಲಕ ನಡೆಸುತ್ತಿದ್ದನೆನ್ನಲಾದ ಕಾರು ಡಿಕ್ಕಿ ಹೊಡೆದು ಇಬ್ಬರು ಯುವ ಇಂಜಿನಿಯರರು ಮೃತಪಟ್ಟರು. ಬಾಲಕನ ತಂದೆಯ ಬಂಧನವಾಯಿತು. ಆದರೆ ಯಾವ ಶಿಕ್ಷೆಯೂ ಹೋದ ಜೀವವನ್ನು ಮರಳಿ ತರಲಾರದು. ಆದುದರಿಂದಲೇ ಮುನ್ನೆಚ್ಚರಿಕೆಗೆ ಮಹತ್ವ.

ಪೋಷಕರು ಮಾಡಬೇಕಾದುದು

ಮಕ್ಕಳು ನೋಡಿ ಕಲಿಯುತ್ತಾರೆ. ತಂದೆ ಹೆಲ್ಮೆಟ್ ಇಲ್ಲದೆ, ಮೊಬೈಲಿನಲ್ಲಿ ಮಾತನಾಡುತ್ತ ವಾಹನ ನಡೆಸಿದರೆ ಮಗನಿಗೆ ಹೇಳುವ ಬುದ್ಧಿವಾದ ವ್ಯರ್ಥ. ಕೀಲಿಕೈಯನ್ನು ಕೈಗೆಟುಕದಂತೆ ಇಡುವುದು, ಕಾಲೇಜಿಗೆ ಬಸ್ಸು ಅಥವಾ ಥಾಣೆ–ವಾಶಿ ರೈಲಿನ ಪಾಸು ಮಾಡಿಸಿಕೊಡುವುದು ಸುಲಭ ಕ್ರಮಗಳು. ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ, "ಹಳ್ಳಿಯ ರಸ್ತೆ ತಾನೇ" ಎಂದು ಬೈಕು ಕೊಡುವ ವಾಡಿಕೆಯೂ ನಿಲ್ಲಬೇಕು. ಕಾನೂನು ಅಲ್ಲಿಗೂ ಒಂದೇ.

18 ತುಂಬಿದ ಬಳಿಕವೂ ಹೊಣೆ ಮುಗಿಯದು. ನ್ಯೂಜಿಲೆಂಡ್ ದೇಶವು 1987ರಲ್ಲಿ ಹಂತಹಂತದ ಪರವಾನಗಿ ಪದ್ಧತಿಯನ್ನು ತಂದು, ಹೊಸ ಚಾಲಕರ ರಾತ್ರಿ ಸಂಚಾರಕ್ಕೂ ಸಹಪ್ರಯಾಣಿಕರಿಗೂ ಮಿತಿ ಹಾಕಿತು. ಇದೇ ನಿಯಮವನ್ನು ಕುಟುಂಬವೂ ತಾನೇ ಮಾಡಿಕೊಳ್ಳಬಹುದು: ಮೊದಲ ಕೆಲವು ತಿಂಗಳು ರಾತ್ರಿ ಸವಾರಿ ಬೇಡ, ಹೆದ್ದಾರಿ ಬೇಡ, ಗೆಳೆಯರನ್ನು ಕೂರಿಸುವುದು ಬೇಡ.

ಸಮಾಜದ ಪಾತ್ರ

ಈ ನಗರಗಳಲ್ಲಿನ ಕನ್ನಡ ಸಂಘಗಳು, ಭಜನಾ ಮಂಡಳಿಗಳು ಮತ್ತು ಮಹಿಳಾ ವಿಭಾಗಗಳ ಮಾತಿಗೆ ಮನೆಮನೆಯಲ್ಲೂ ಬೆಲೆಯಿದೆ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಸಂಚಾರ ಪೊಲೀಸರಿಂದ ಅರ್ಧ ಗಂಟೆಯ ಮಾಹಿತಿ ಕೊಡಿಸಬಹುದು. ಪರವಾನಗಿ ತೋರಿಸದ ವಿದ್ಯಾರ್ಥಿಯ ವಾಹನಕ್ಕೆ ಕಾಲೇಜುಗಳು ನಿಲುಗಡೆ ಸ್ಥಳ ನಿರಾಕರಿಸಬಹುದು. ಹೌಸಿಂಗ್ ಸೊಸೈಟಿಗಳು ಗೇಟಿನಲ್ಲೇ ತಡೆದು ಮನೆಯವರಿಗೆ ತಿಳಿಸಬಹುದು. ಹೋಟೆಲು, ಅಂಗಡಿಗಳ ಮಾಲೀಕರು ಸಾಮಾನು ತಲುಪಿಸಲು ಎಳೆಯರಿಗೆ ವಾಹನ ಕೊಡಬಾರದು; ಮಾಲೀಕರ ಹೊಣೆ ಅವರಿಗೂ ಅನ್ವಯಿಸುತ್ತದೆ. ಅಪಘಾತ ಕಂಡವರು 112ಕ್ಕೆ ಕರೆಮಾಡಿ, ಗಾಯಾಳುಗಳಿಗೆ ಅಂಜದೆ ನೆರವಾಗಬೇಕು. ಸದುದ್ದೇಶದಿಂದ ನೆರವಾದವರಿಗೆ ಕಾಯ್ದೆಯ ರಕ್ಷಣೆಯಿದೆ.

ನೆರೆಮನೆಯ ಮಗುವನ್ನು ತಡೆದು "ಇನ್ನೆರಡು ವರ್ಷ ಕಾಯಿ" ಎಂದು ಹೇಳುವುದು ಹಸ್ತಕ್ಷೇಪವಲ್ಲ, ಹಿತಚಿಂತನೆ. ಹಿರಿಯರೆಲ್ಲರೂ ಒಂದೇ ಮಾತು ಹೇಳಿದರೆ ಮಕ್ಕಳು ಅದನ್ನು ಕೇಳುವರು, ಕ್ಷೇಮವಾಗಿ ಮನೆ ಸೇರುವರು.