ದೊಡ್ಡಪತ್ರೆ: ಎಲೆ, ಸಂಯುಕ್ತ, ಔಷಧ

ಎಂಟನೇ ತರಗತಿಯ ಸೂಕ್ಷ್ಮಜೀವಿಗಳ ಪಾಠದಲ್ಲಿ ‘ದೊಡ್ಡಪತ್ರೆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಯೇ?’ ಎಂದು ಮಕ್ಕಳು ಕೇಳಬಹುದು. ನೆಗಡಿ, ಕೆಮ್ಮಿಗೆ ಎಲೆ ಬಾಡಿಸಿ ರಸ ಕೊಡುವುದನ್ನು ಅವರು ಮನೆಯಲ್ಲಿ ನೋಡಿರುತ್ತಾರೆ. ಇದಕ್ಕೆ ‘ಹೌದು’ ಎಂದಷ್ಟೇ ಹೇಳಿದರೆ ಸಾಲದು. ಎಲೆ, ಸಂಯುಕ್ತ, ಔಷಧ ಎಂಬ ಮೂರು ಹಂತಗಳನ್ನು ಬಿಡಿಸಿ ಹೇಳಬೇಕು.

ಎಲೆಯನ್ನು ಉಜ್ಜಿದಾಗ ಓಮದಂಥ ವಾಸನೆ ಬರುವುದು ಅದರಲ್ಲಿರುವ ತೈಲದಿಂದ. ಎಲೆಗಳ ಮೂಲಕ ಹಬೆ ಹಾಯಿಸಿ ತಂಪುಗೊಳಿಸಿದರೆ ಈ ತೈಲ ಸಿಗುತ್ತದೆ. ಅದು ಹಲವು ವಸ್ತುಗಳ ಮಿಶ್ರಣ. ಕ್ರೊಮ್ಯಾಟೋಗ್ರಫಿಯಿಂದ ಬೇರ್ಪಡಿಸಿದಾಗ ಸಿಗುವ ಮುಖ್ಯ ಸಂಯುಕ್ತಗಳು ಕಾರ್ವಕ್ರಾಲ್ ಮತ್ತು ಥೈಮಾಲ್. ಎರಡರ ಅಣುವಿನಲ್ಲೂ 10 ಕಾರ್ಬನ್, 14 ಹೈಡ್ರೋಜನ್, 1 ಆಕ್ಸಿಜನ್ ಪರಮಾಣುಗಳಿವೆ. ಹೈಡ್ರಾಕ್ಸಿಲ್ ಗುಂಪಿನ ಸ್ಥಾನ ಮಾತ್ರ ಬೇರೆ. ಇವು ಬ್ಯಾಕ್ಟೀರಿಯಾದ ಕೋಶಪೊರೆಯ ಕೊಬ್ಬಿನಲ್ಲಿ ಸೇರಿಕೊಂಡು ಪೊರೆಯನ್ನು ಸಡಿಲಗೊಳಿಸುತ್ತವೆ. ಆಗ ಒಳಗಿನ ಪೊಟ್ಯಾಸಿಯಂ ಅಯಾನುಗಳು ಹೊರಗೆ ಸೋರುತ್ತವೆ.

ಇದನ್ನು ಪರೀಕ್ಷಿಸುವ ಒಂದು ವಿಧಾನ ಹೀಗಿದೆ: ಬ್ಯಾಕ್ಟೀರಿಯಾ ಹರಡಿದ ಅಗರ್ ತಟ್ಟೆಯ ಮೇಲೆ ಸಾರದಲ್ಲಿ ಅದ್ದಿದ ಸಣ್ಣ ಕಾಗದದ ಬಿಲ್ಲೆ ಇಡುತ್ತಾರೆ. ಬೆಳವಣಿಗೆ ತಡೆದರೆ ಬಿಲ್ಲೆಯ ಸುತ್ತ ತಿಳಿಯಾದ ವಲಯ ಕಾಣುತ್ತದೆ. ಆದರೆ ಸಾರ ತೆಗೆಯಲು ಬಳಸಿದ ಎಥನಾಲ್ ಕೂಡ ಬ್ಯಾಕ್ಟೀರಿಯಾವನ್ನು ಕೊಲ್ಲಬಲ್ಲದು. ಆದ್ದರಿಂದ ಎಥನಾಲ್ ಮಾತ್ರ ಹಾಕಿದ ಬಿಲ್ಲೆಯೊಂದು, ಪರಿಚಿತ ಆಂಟಿಬಯಾಟಿಕ್‌ನ ಬಿಲ್ಲೆಯೊಂದು ಜೊತೆಗಿರಲೇಬೇಕು. ಈ ಸಂಯುಕ್ತಗಳು ನೀರಿನಲ್ಲಿ ಸರಿಯಾಗಿ ಕರಗದ ಕಾರಣ ಅಗರ್‌ನಲ್ಲಿ ಹೆಚ್ಚು ದೂರ ಹರಡುವುದಿಲ್ಲ. ವಲಯ ಚಿಕ್ಕದಾದ ಮಾತ್ರಕ್ಕೆ ಶಕ್ತಿ ಕಡಿಮೆ ಎನ್ನಲಾಗದು.

ಕೊನೆಯ ಹಂತ ಔಷಧ. ತಟ್ಟೆಯಲ್ಲಿ ಕೆಲಸ ಮಾಡಿದ ವಸ್ತು ದೇಹದೊಳಗೆ ಸಾಕಷ್ಟು ಪ್ರಮಾಣದಲ್ಲಿ ಸೋಂಕಿನ ಜಾಗ ತಲುಪಬೇಕು, ನಮ್ಮ ಜೀವಕೋಶಗಳಿಗೆ ಹಾನಿ ಮಾಡಬಾರದು. ಥೈಮಾಲ್ ಬಾಯಿ ಮುಕ್ಕಳಿಸುವ ದ್ರಾವಣಗಳಲ್ಲಿ ಬಳಕೆಯಲ್ಲಿದೆ. ಅಷ್ಟರಿಂದ ಎಲೆಯ ರಸ ನ್ಯುಮೋನಿಯಾ ಗುಣಪಡಿಸುತ್ತದೆ ಎಂದಾಗುವುದಿಲ್ಲ. ನೆಗಡಿ ವೈರಸ್‌ನಿಂದ ಬರುವುದರಿಂದ, ಅದರಲ್ಲಿ ಸಿಗುವ ಉಪಶಮನಕ್ಕೆ ಬ್ಯಾಕ್ಟೀರಿಯಾ ನಾಶ ಕಾರಣವೆನ್ನುವುದೂ ಸರಿಯಲ್ಲ. ಈ ವ್ಯತ್ಯಾಸ ತಿಳಿಯದ ಮಗು, ತಮ್ಮನಿಗೆ ಜ್ವರ ಬಂದು ಉಸಿರಾಟ ಕಷ್ಟವಾದಾಗಲೂ ಎಲೆಯ ರಸ ಸಾಕೆಂದು ಮನೆಯಲ್ಲಿ ಹೇಳಬಹುದು.

ಶಾಲೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವುದು ಸುರಕ್ಷಿತವಲ್ಲ. ಬದಲಿಗೆ ಕಪ್ಪುಹಲಗೆಯ ಮೇಲೆ ಸಾರದ ಬಿಲ್ಲೆಯೊಂದೇ ಇರುವ ತಟ್ಟೆ ಬರೆದು, ಸುತ್ತ ವಲಯ ತೋರಿಸಿ ಕೇಳಬಹುದು: ‘ಇದರಿಂದ ಏನು ಹೇಳಬಹುದು? ಏನು ಹೇಳಲಾಗದು? ಇನ್ನಾವ ಬಿಲ್ಲೆ ಬೇಕು?’ ಮೂರನೆಯ ಪ್ರಶ್ನೆಗೆ ಮಕ್ಕಳೇ ಉತ್ತರ ಕಂಡುಕೊಂಡರೆ, ನಿಯಂತ್ರಿತ ಪ್ರಯೋಗದ ಕಲಿಕಾಂಶ ಈಡೇರಿದಂತೆ.