ಲಾಯದಿಂದ ಬಯಲಿಗೆ: ಕುದುರೆ ಮರಿಯ ಮೊದಲ ಆರು ತಿಂಗಳು

ಕುದುರೆ ಮರಿ ಹುಟ್ಟಿದ ಸುಮಾರು ಒಂದು ಗಂಟೆಯಲ್ಲಿ ಎದ್ದು ನಿಲ್ಲುತ್ತದೆ, ಎರಡು ಗಂಟೆಯೊಳಗೆ ಕೆಚ್ಚಲಿಗೆ ಬಾಯಿ ಹಾಕುತ್ತದೆ, ಮರುದಿನದ ಹೊತ್ತಿಗೆ ತಾಯಿಯ ಪಕ್ಕದಲ್ಲಿ ಓಡುತ್ತದೆ. ಬಯಲಿನಲ್ಲಿ ಬದುಕಿ, ಓಡಿಯೇ ಪ್ರಾಣ ಉಳಿಸಿಕೊಂಡು ಬಂದ ಪ್ರಾಣಿಗೆ ಇದು ಹುಟ್ಟುಗುಣ. ಆದರೆ ಸುಮಾರು 50 ಕೆ.ಜಿ. ತೂಗುವ, ಉದ್ದ ಕಾಲಿನ, ಸಣ್ಣ ಸದ್ದಿಗೂ ಬೆದರುವ ಈ ಮರಿಯನ್ನು ಪೆಟ್ಟಾಗದಂತೆ ಹಿಡಿಯುವುದು, ತಾಯಿಯ ಜೊತೆ ಬಯಲಿಗೆ ಬಿಟ್ಟು ಮತ್ತೆ ಲಾಯಕ್ಕೆ ತರುವುದು ಪಳಗಿದ ಕೈಗಳ ಕೆಲಸ. ಮರಿಯ ಮೂಳೆಯ ಗಟ್ಟಿತನವೂ ಮನುಷ್ಯರ ಬಗ್ಗೆ ಅದಕ್ಕಿರುವ ನಂಬಿಕೆಯೂ ಬಹುಮಟ್ಟಿಗೆ ಈ ದಿನಗಳಲ್ಲೇ ರೂಪುಗೊಳ್ಳುತ್ತವೆ.

ಕರ್ನಾಟಕದಲ್ಲಿ ಈ ಕಸುಬಿನ ಹಳೆಯ ನೆಲೆ ತುಮಕೂರು ಜಿಲ್ಲೆಯ ಕುಣಿಗಲ್. ಟಿಪ್ಪು ಸುಲ್ತಾನನ ಕಾಲದಲ್ಲಿ ಅಶ್ವದಳಕ್ಕೆ ಕುದುರೆ ಬೆಳೆಸುತ್ತಿದ್ದ ಇಲ್ಲಿನ ಫಾರಂ ಮುಂದೆ ಬ್ರಿಟಿಷರ ಸೇನೆಗೂ ಕುದುರೆ ಒದಗಿಸಿತು. ಆಮೇಲೆ ರೇಸಿನ ಥರೋಬ್ರೆಡ್ ತಳಿಗೆ ಹೆಸರಾಯಿತು. ಸುಮಾರು 400 ಎಕರೆಯ ಈ ಸ್ಟಡ್ ಫಾರಂ ಅನ್ನು 1992ರಲ್ಲಿ ಸರ್ಕಾರ ಖಾಸಗಿ ಸಂಸ್ಥೆಗೆ ಗುತ್ತಿಗೆಗೆ ಕೊಟ್ಟಿತು.

ಥರೋಬ್ರೆಡ್ ಕುದುರೆಗಳ ವಯಸ್ಸನ್ನು ಜನವರಿ 1ರಿಂದ ಲೆಕ್ಕ ಹಿಡಿಯುತ್ತಾರೆ. ಏಪ್ರಿಲ್‌ನಲ್ಲಿ ಹುಟ್ಟಿದ ಮರಿಗೂ ಮುಂದಿನ ಜನವರಿಗೆ ಒಂದು ವರ್ಷ ತುಂಬಿದಂತೆಯೇ. ಆದ್ದರಿಂದ ವರ್ಷದ ಮೊದಲ ತಿಂಗಳುಗಳಲ್ಲೇ ಮರಿ ಹುಟ್ಟಲಿ ಎಂದು ಸಾಕುವವರು ಬಯಸುತ್ತಾರೆ. ಹಾಗಾಗಿ ನಮ್ಮ ಕಡೆ ಮರಿಯ ಮೊದಲ ಓಡಾಟವೆಲ್ಲ ಬೇಸಿಗೆಯಲ್ಲೇ ಬರುತ್ತದೆ.

ಮೊದಲ ದಿನ

ಕುದುರೆಯ ಗರ್ಭದ ಅವಧಿ ಸುಮಾರು 340 ದಿನ. ಹೆಚ್ಚಿನ ಕುದುರೆಗಳು ರಾತ್ರಿ ಹೊತ್ತು ಈಯುತ್ತವೆ. ಮರಿ ಬಿದ್ದ ಮೂರು ಗಂಟೆಯೊಳಗೆ ಮಾಸು ಬೀಳಬೇಕು. ಬೀಳದಿದ್ದರೆ ಪಶುವೈದ್ಯರನ್ನು ಕರೆಸಬೇಕು, ಕೈಯಿಂದ ಎಳೆಯಬಾರದು. ಹೊಕ್ಕುಳ ಬಳ್ಳಿ ತಾನಾಗಿ ಹರಿದ ಮೇಲೆ ಅದರ ತುದಿಯನ್ನು ತೆಳು ಮಾಡಿದ ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ಅದ್ದುತ್ತಾರೆ. ಸೋಂಕು ಒಳಗೆ ಹೋಗಿ ಕೀಲುಗಳಿಗೆ ಇಳಿಯುವ ದಾರಿಗಳಲ್ಲಿ ಹೊಕ್ಕುಳೂ ಒಂದು.

ಮೊದಲ ದಿನದ ದೊಡ್ಡ ಕೆಲಸ ಗಿಣ್ಣುಹಾಲು ಕುಡಿಸುವುದು. ಕುದುರೆಯ ಗರ್ಭದಲ್ಲಿ ತಾಯಿಯ ರಕ್ತದ ರೋಗನಿರೋಧಕಗಳು ಮರಿಗೆ ದಾಟುವುದಿಲ್ಲ. ಅವು ಸಿಗುವುದು ಗಿಣ್ಣುಹಾಲಿನಿಂದ ಮಾತ್ರ. ಅವನ್ನು ಹೀರಿಕೊಳ್ಳುವ ಶಕ್ತಿ ಮರಿಯ ಕರುಳಿಗೆ ಮೊದಲ ಆರೆಂಟು ಗಂಟೆಗಳಲ್ಲಿ ಚೆನ್ನಾಗಿರುತ್ತದೆ, 24 ಗಂಟೆ ಕಳೆಯುವಷ್ಟರಲ್ಲಿ ಮುಗಿದೇ ಹೋಗುತ್ತದೆ. ಮರುದಿನ ರಕ್ತ ಪರೀಕ್ಷೆ ಮಾಡಿಸಿ, ನಿರೋಧಕಗಳ ಪ್ರಮಾಣ ಕಡಿಮೆಯಿದ್ದರೆ ಪ್ಲಾಸ್ಮಾ ಏರಿಸುತ್ತಾರೆ. ಮೊದಲ ಗಟ್ಟಿ ಮಲ ಒಂದು ದಿನದೊಳಗೆ ಹೋಗಿದೆಯೇ ಎಂಬುದನ್ನೂ ನೋಡುತ್ತಾರೆ. ಮರಿ ಬಾಲ ಎತ್ತಿ ತಿಣುಕುತ್ತಿದ್ದರೆ ಮಲ ಕಟ್ಟಿದೆ ಎಂದು ಅರ್ಥ.

ಮರಿ ಹಾಲು ಕುಡಿಯುತ್ತಿದೆಯೇ ಎಂದು ತಿಳಿಯಲು ಅನುಭವಿಗಳು ಮೊದಲು ತಾಯಿಯ ಕೆಚ್ಚಲು ನೋಡುತ್ತಾರೆ. ಮೊದಲ ವಾರದಲ್ಲಿ ಆರೋಗ್ಯವಂತ ಮರಿ ಗಂಟೆಗೆ ಹಲವು ಬಾರಿ ಕುಡಿಯುವುದರಿಂದ ಕೆಚ್ಚಲು ಬಿಗಿಯುವುದಿಲ್ಲ. ಕೆಚ್ಚಲು ತುಂಬಿ ಹಾಲು ತೊಟ್ಟಿಕ್ಕುತ್ತಿದ್ದರೆ, ಮರಿಯ ಹಣೆಯ ಮೇಲೆ ಹಾಲು ಒಣಗಿ ಅಂಟಿದ್ದರೆ, ಅದು ಕೆಚ್ಚಲ ಕೆಳಗೆ ಸುಮ್ಮನೆ ನಿಲ್ಲುತ್ತಿದೆ, ಕುಡಿಯುತ್ತಿಲ್ಲ ಎಂದು ತಿಳಿಯಬೇಕು. ಮರಿಯ ಕಾಯಿಲೆ ಮೊದಲು ಕಾಣಿಸಿಕೊಳ್ಳುವುದು ಹೀಗೆಯೇ.

ಹಿಡಿಯುವ ಬಗೆ

ಮರಿಯನ್ನು ಹಿಡಿಯಲು ಇಬ್ಬರು ಬೇಕು. ಒಬ್ಬರು ತಾಯಿಯನ್ನು ಹಿಡಿದು ನಿಲ್ಲಬೇಕು, ಇನ್ನೊಬ್ಬರು ಮರಿಯ ಬಳಿಗೆ ಹೋಗಬೇಕು. ತಾಯಿಯನ್ನು ಹಿಡಿಯದೆ ಮರಿಯನ್ನು ಮುಟ್ಟಬಾರದು ಎಂಬುದು ಮೊದಲ ನಿಯಮ. ಎಷ್ಟೇ ಸಾಧುವಾದ ಕುದುರೆಯೂ ಈದ ಹೊಸತರಲ್ಲಿ ಕಿವಿ ಹಿಂದಕ್ಕೆ ಮಡಚಿ ಕಚ್ಚಲು ಬರಬಹುದು, ಒದೆಯಬಹುದು. ತಾಯಿಗೆ ಮರಿ, ಮರಿಗೆ ತಾಯಿ ಕಣ್ಣಿಗೆ ಬೀಳುತ್ತಿರಬೇಕು. ಇಲ್ಲವಾದರೆ ಎರಡೂ ಗಾಬರಿಗೊಳ್ಳುತ್ತವೆ.

ಮರಿಯ ಎದೆಯ ಮುಂದೆ ಒಂದು ಕೈ, ಹಿಂಭಾಗಕ್ಕೆ ಇನ್ನೊಂದು ಕೈ ಬಳಸಿ, ಅದನ್ನು ತಾಯಿಯ ಮಗ್ಗುಲಲ್ಲೇ ನಿಲ್ಲಿಸುತ್ತಾರೆ. ಕೊರಳು ಅಥವಾ ತಲೆ ಹಿಡಿದು ಎಳೆಯುವಂತಿಲ್ಲ. ತಲೆ ಎಳೆದರೆ ಮರಿ ಹಿಂದಕ್ಕೆ ಜಗ್ಗಿ, ಮುಂಗಾಲೆತ್ತಿ ಬೆನ್ನ ಮೇಲೆ ಬೀಳುತ್ತದೆ. ಕುತ್ತಿಗೆಗೂ ತಲೆಬುರುಡೆಗೂ ದೊಡ್ಡ ಪೆಟ್ಟಾಗಬಹುದು. ಮರಿ ಕೊಸರಾಡಿದಾಗ ಬಿಗಿ ಹೆಚ್ಚಿಸದೆ, ಬಿಟ್ಟೂ ಬಿಡದೆ, ಸುಮ್ಮನೆ ಹಿಡಿದಿರಬೇಕು. ಅದು ಕೊಸರಾಟ ನಿಲ್ಲಿಸಿದ ಗಳಿಗೆಯಲ್ಲಿ ಕೈ ಸಡಿಲಿಸಬೇಕು. ಕೊಸರಾಡುತ್ತಿರುವಾಗ ಬಿಟ್ಟರೆ, ‘ಒದ್ದಾಡಿದರೆ ಬಿಡುಗಡೆ’ ಎಂದು ಕಲಿಯುತ್ತದೆ, ಸುಮ್ಮನಾದಾಗ ಬಿಟ್ಟರೆ ನಿಲ್ಲುವುದನ್ನು ಕಲಿಯುತ್ತದೆ.

ದಿನಕ್ಕೆ ಐದು ಹತ್ತು ನಿಮಿಷ ಸಾಕು. ಹೆಗಲ ಮೇಲೆ, ಬಾಲದ ಬುಡದಲ್ಲಿ ತುರಿಸಿದರೆ ಮರಿಗೆ ಹಿತ. ಮೈಯೆಲ್ಲ ಸವರುವುದು, ಕಿವಿ ಮುಟ್ಟುವುದು, ಒಂದೊಂದೇ ಕಾಲನ್ನು ಎರಡು ಕ್ಷಣ ಎತ್ತಿ ಇಳಿಸುವುದು ಈ ಹೊತ್ತಿನ ಪಾಠ. ಮರಿಯನ್ನು ಆಟಕ್ಕೆಳೆಯಬಾರದು. ಮುಂಗಾಲನ್ನು ಮನುಷ್ಯರ ಹೆಗಲ ಮೇಲಿಡುವುದು, ಬಟ್ಟೆ ಕಚ್ಚಿ ಎಳೆಯುವುದು ಈಗ ಮುದ್ದಾಗಿ ಕಾಣುತ್ತದೆ. ಅದೇ ಅಭ್ಯಾಸ ಆರು ತಿಂಗಳಿಗೆ ಅಪಾಯ ತರುತ್ತದೆ.

ಮೊದಲ ದಿನಗಳಲ್ಲೇ ಮೆತ್ತನೆಯ ಚರ್ಮದ ಪುಟ್ಟ ಹಾಲ್ಟರ್ (ತಲೆಪಟ್ಟಿ) ತೊಡಿಸಿ ರೂಢಿ ಮಾಡಿಸುತ್ತಾರೆ. ಮರಿಯ ತಲೆ ಬೇಗ ಬೆಳೆಯುವುದರಿಂದ ಅದು ಬಿಗಿಯಾಗಿದೆಯೇ ಎಂದು ಆಗಾಗ ನೋಡಬೇಕು. ಬಯಲಲ್ಲಿ ತೊಡಿಸಿಯೇ ಬಿಡುವುದಾದರೆ ಸಿಕ್ಕಿಕೊಂಡಾಗ ಹರಿದುಹೋಗುವಂಥದ್ದೇ ಇರಬೇಕು. ಕಿವಿ ತುರಿಸಿಕೊಳ್ಳುವಾಗ ಹಿಂಗಾಲಿನ ಗೊರಸು ಅದರಲ್ಲಿ ಸಿಕ್ಕಿ ಕಾಲು ಮುರಿದುಕೊಂಡ ಮರಿಗಳುಂಟು.

ಬಯಲಿಗೆ ಬಿಡುವುದು

ತಾಯಿ, ಮರಿ ಎರಡೂ ಚೆನ್ನಾಗಿದ್ದರೆ ಮರುದಿನವೇ ಹೊರಗೆ ಬಿಡಬಹುದು. ಲಾಯದೊಳಗೇ ಕೂಡಿಹಾಕಿದ ಮರಿಯ ಮೂಳೆ, ಮೃದ್ವಸ್ಥಿ, ಸ್ನಾಯುರಜ್ಜುಗಳು ಗಟ್ಟಿಯಾಗುವುದಿಲ್ಲ. ಹುಟ್ಟಿದಾಗ ಕಾಲಿನ ರಜ್ಜುಗಳು ಸಡಿಲವಾಗಿ, ಗೊರಸಿನ ಮುಂಭಾಗ ಮೇಲೆದ್ದಿರುವ ಮರಿಗಳಲ್ಲಿ ಹಲವು ಹಿತಮಿತ ಓಡಾಟದಿಂದಲೇ ಕೆಲವು ದಿನಗಳಲ್ಲಿ ಸರಿಯಾಗುತ್ತವೆ. ಆದರೆ ಮೊದಲ ದಿನ ಒಂದರ್ಧ ಗಂಟೆ ಸಾಕು. ತಾಯಿ ಹುರುಪಿನಿಂದ ಓಡಲು ಶುರುಮಾಡಿದರೆ ಮರಿ ಬಿಡದೆ ಹಿಂಬಾಲಿಸಿ ಸುಸ್ತಾಗುತ್ತದೆ. ಅದಕ್ಕೇ ಮೊದಲಿಗೆ ಬೇಲಿ ಹಾಕಿದ ಚಿಕ್ಕ ಬಯಲಿನಲ್ಲಿ, ಅಂದರೆ ಪ್ಯಾಡಾಕ್‌ನಲ್ಲಿ, ಬೇರೆ ಕುದುರೆಗಳಿಲ್ಲದ ಕಡೆ, ಇವೆರಡನ್ನೇ ಬಿಡುತ್ತಾರೆ.

ಹೊರಡುವಾಗ ತಾಯಿ ಮುಂದೆ, ಮರಿ ಅದರ ಭುಜದ ಪಕ್ಕದಲ್ಲಿ. ಲಾಯದ ಬಾಗಿಲನ್ನು ಪೂರ್ತಿ ತೆರೆದಿರಬೇಕು. ಅರೆತೆರೆದ ಬಾಗಿಲಲ್ಲಿ ನುಗ್ಗಿ ಮರಿಯ ಸೊಂಟದ ಮೂಳೆಗೆ ಪೆಟ್ಟು ಬೀಳುವುದು ಸಾಮಾನ್ಯ. ತಾಯಿಯನ್ನು ಹೊಸ್ತಿಲು ದಾಟಿಸಿ, ಮರಿ ಹೊರಗೆ ಬರುವವರೆಗೆ ನಿಲ್ಲಿಸಬೇಕು. ಮೊದಲ ದಿನಗಳಲ್ಲಿ ಮರಿಯನ್ನು ಎರಡೂ ಕೈಯಲ್ಲಿ ಬಳಸಿ ನಡೆಸುತ್ತಾರೆ. ಆಮೇಲೆ ಹಾಲ್ಟರಿಗೆ ಒಂದು ಹಗ್ಗ, ಹಿಂಭಾಗಕ್ಕೆ ಬಳಸಿದ ಮೆತ್ತನೆಯ ಹತ್ತಿಯ ಹಗ್ಗ ಇನ್ನೊಂದು. ಮುಂದಿನ ಹಗ್ಗ ದಿಕ್ಕು ತೋರಿಸಲು ಮಾತ್ರ. ಮರಿಯನ್ನು ಮುಂದಕ್ಕೆ ಸಾಗಿಸುವುದು ಹಿಂದಿನ ಹಗ್ಗ.

ಪ್ಯಾಡಾಕ್ ಒಳಗೆ ಹೋದ ಮೇಲೆ ಗೇಟು ಮುಚ್ಚಿ, ತಾಯಿಯ ಮುಖ ಗೇಟಿನ ಕಡೆಗೆ ತಿರುಗಿಸಿ ನಿಲ್ಲಿಸುತ್ತಾರೆ. ಮೊದಲು ಮರಿಯನ್ನು ಬಿಟ್ಟು, ಅದರ ಹಿಂದೆಯೇ ತಾಯಿಯ ಹಗ್ಗ ಕಳಚುತ್ತಾರೆ. ಕುದುರೆ ತಿರುಗಿ ಓಡುವಾಗ ಹಿಂಗಾಲು ಝಾಡಿಸುವುದುಂಟು. ಮುಖ ಗೇಟಿನ ಕಡೆಗಿದ್ದರೆ ಬಿಟ್ಟವರು ಹಿಂದೆ ಸರಿಯಲು ಸಮಯ ಸಿಗುತ್ತದೆ. ಮರಳಿ ತರುವಾಗ ಮರಿಯನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ತಾಯಿಯನ್ನು ಹಿಡಿದರೆ ಮರಿ ತಾನಾಗಿ ಹತ್ತಿರ ಬರುತ್ತದೆ.

ಬೇಲಿ, ಬಿಸಿಲು, ದೂಳು

ಎಳೆಯ ಮರಿಗೆ ಬೇಲಿ ಎಂದರೇನೆಂದು ಗೊತ್ತಿರುವುದಿಲ್ಲ. ಮುಳ್ಳುತಂತಿ ಅಪಾಯ. ಎದ್ದು ಕಾಣುವ ಮರದ ಅಥವಾ ಪೈಪಿನ ಅಡ್ಡಪಟ್ಟಿಗಳು, ಗೊರಸು ತೂರದಷ್ಟು ಸಣ್ಣ ಕಣ್ಣಿನ ಜಾಲರಿ ಒಳ್ಳೆಯದು. ಓಡುವ ಮರಿ ಚೂಪು ಮೂಲೆಯಲ್ಲಿ ಸಿಕ್ಕಿಕೊಳ್ಳದಂತೆ ಮೂಲೆಗಳನ್ನು ದುಂಡಗೆ ಮಾಡುತ್ತಾರೆ. ಬೇಲಿಯ ಪಕ್ಕದಲ್ಲೇ ಮಲಗಿದ ಮರಿ ಕೆಳಗಿನ ಪಟ್ಟಿಯಡಿ ಹೊರಳಿ ಆಚೆ ಸೇರುವುದೂ ಉಂಟು, ಅದಕ್ಕೆ ಆ ಪಟ್ಟಿಯ ಎತ್ತರವನ್ನೂ ನೋಡಬೇಕಾಗುತ್ತದೆ.

ಬೇಸಿಗೆಯಲ್ಲಿ ಬೆಳಗಿನ ಹೊತ್ತು, ಸಂಜೆಯ ಮೇಲೆ ಬಿಡುವುದು ಸರಿ. ಬಯಲಲ್ಲಿ ಮರದ ನೆರಳು, ತಾಯಿಗೆ ಸದಾ ನೀರು ಇರಬೇಕು. ಹುಲ್ಲಿಲ್ಲದೆ ದೂಳೇಳುವ ಅಂಗಳದಲ್ಲಿ ಇನ್ನೊಂದು ಅಪಾಯವಿದೆ. ಮಣ್ಣಿನಲ್ಲಿರುವ ರೋಡೋಕಾಕಸ್ ಎಂಬ ಬ್ಯಾಕ್ಟೀರಿಯಾ ದೂಳಿನೊಡನೆ ಉಸಿರಿಗೆ ಸೇರಿ, ಆರು ತಿಂಗಳೊಳಗಿನ ಮರಿಗಳ ಶ್ವಾಸಕೋಶದಲ್ಲಿ ಕೀವುಗಟ್ಟಿಸುತ್ತದೆ. ಪ್ಯಾಡಾಕ್‌ಗಳನ್ನು ಸರದಿಯಂತೆ ಬಳಸುವುದು, ಲದ್ದಿ ಎತ್ತುವುದು, ಒಂದೇ ಕಡೆ ಹೆಚ್ಚು ಮರಿಗಳನ್ನು ಬಿಡದಿರುವುದು ಇದಕ್ಕೆ ಮುನ್ನೆಚ್ಚರಿಕೆ.

ಮರಿ ತಾಯಿಯ ಲದ್ದಿ ತಿನ್ನುವುದು ಕಂಡರೆ ಹೆದರಬೇಕಾಗಿಲ್ಲ. ಹುಲ್ಲು ಜೀರ್ಣಿಸುವ ಸೂಕ್ಷ್ಮಜೀವಿಗಳು ಅದರ ಹೊಟ್ಟೆ ಸೇರುವ ಒಂದು ದಾರಿ ಅದು. ಏಳರಿಂದ ಹತ್ತನೇ ದಿನದ ಸುಮಾರಿಗೆ ಬರುವ ಸಣ್ಣ ಭೇದಿಯೂ ಸಾಮಾನ್ಯ. ಅದೇ ಹೊತ್ತಿಗೆ ತಾಯಿ ಮತ್ತೆ ಬೆದೆಗೆ ಬರುತ್ತದೆ. ಆದರೆ ಮರಿ ಮಂಕಾದರೆ, ಹಾಲು ಬಿಟ್ಟರೆ, ಮೈ ಉಷ್ಣತೆ 102 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ವೈದ್ಯರಿಗೆ ತೋರಿಸಬೇಕು.

ಗುಂಪಿನಲ್ಲಿ

ಒಂದೆರಡು ವಾರದ ಮೇಲೆ, ಮರಿಯಿರುವ ಬೇರೆ ತಾಯಂದಿರ ಜೊತೆ ಬಿಡುತ್ತಾರೆ. ಒಮ್ಮೆಗೇ ದೊಡ್ಡ ಗುಂಪಿಗೆ ಸೇರಿಸದೆ, ಮೊದಲು ಒಂದು ಜೋಡಿಯ ಜೊತೆ ಹೊಂದಿಸಿ, ಆಮೇಲೆ ಗುಂಪು ಹಿಗ್ಗಿಸುತ್ತಾರೆ. ದೊಡ್ಡ ಕುದುರೆ ಹತ್ತಿರ ಬಂದಾಗ ಮರಿ ಕತ್ತು ಚಾಚಿ, ತುಟಿಯ ಮೂಲೆ ಹಿಂದಕ್ಕೆಳೆದು, ದವಡೆಯನ್ನು ತೆರೆದು ಮುಚ್ಚುತ್ತದೆ. ಅದು ಕಚ್ಚುವ ಬೆದರಿಕೆಯಲ್ಲ, ತಾನು ಚಿಕ್ಕವನು ಎಂದು ಒಪ್ಪಿಕೊಳ್ಳುವ ರೀತಿ. ಯಾರಿಗೆ ದಾರಿ ಬಿಡಬೇಕು, ಆಟ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮರಿ ಗುಂಪಿನಲ್ಲೇ ಕಲಿಯುತ್ತದೆ.

ಹಾಲು ಬಿಡಿಸುವವರೆಗೆ

ಒಂದೆರಡು ತಿಂಗಳಿಗೆ ಗೊರಸು ಒಪ್ಪಮಾಡುವುದು, ಎರಡು ತಿಂಗಳಿನ ಸುಮಾರಿಗೆ ಜಂತಿನ ಔಷಧ, ತಾಯಿಗೆ ಲಸಿಕೆ ಆಗಿದ್ದರೆ ನಾಲ್ಕರಿಂದ ಆರನೇ ತಿಂಗಳಲ್ಲಿ ಧನುರ್ವಾಯು ಲಸಿಕೆ ಶುರುವಾಗುತ್ತವೆ. ಮೊದಲ ದಿನಗಳಿಂದ ಕಾಲು ಕೊಟ್ಟು ರೂಢಿಯಿರುವ ಮರಿಗೆ ಇವು ಯಾವುವೂ ಹೊಸದಲ್ಲ. ತಾಯಿಗೆ ತಲುಪದಂತೆ ಮರಿಗಷ್ಟೇ ನುಗ್ಗಲು ಜಾಗವಿರುವ ಕಟಕಟೆಯಲ್ಲಿ ತಿಂಡಿ ಇಟ್ಟು ಗಟ್ಟಿ ಆಹಾರ ರೂಢಿಸುತ್ತಾರೆ.

ಐದಾರು ತಿಂಗಳಿಗೆ ಹಾಲು ಬಿಡಿಸುತ್ತಾರೆ. ಎಲ್ಲ ತಾಯಂದಿರನ್ನು ಒಂದೇ ದಿನ ಬೇರೆ ಮಾಡುವುದಕ್ಕಿಂತ, ಕೆಲವು ದಿನಗಳಿಗೊಮ್ಮೆ ಗುಂಪಿನಿಂದ ಒಂದೊಂದೇ ತಾಯಿಯನ್ನು ಕೂಗು ಕೇಳಿಸದಷ್ಟು ದೂರಕ್ಕೆ ಒಯ್ಯುವುದು ಮೇಲು. ಮರಿಗೆ ಗುರುತಿನ ಜಾಗ, ಗುರುತಿನ ಜೊತೆಗಾರರು ಹಾಗೇ ಉಳಿಯುತ್ತವೆ. ಥರೋಬ್ರೆಡ್ ಮರಿಯಾದರೆ ತಾಯಿಯಿಂದ ಅಗಲಿಸುವ ಮೊದಲೇ ಅದರ ಬಣ್ಣ, ಮಚ್ಚೆ, ಮೈಮೇಲಿನ ಸುಳಿಗಳನ್ನು ದಾಖಲಿಸಿಕೊಳ್ಳುತ್ತಾರೆ. ಮೈಕ್ರೋಚಿಪ್ ಅಳವಡಿಸಿ, ತಂದೆತಾಯಿಯನ್ನು ಡಿಎನ್‌ಎ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುತ್ತಾರೆ. ಪುಣೆಯಲ್ಲಿರುವ ಸ್ಟಡ್ ಬುಕ್ ಪ್ರಾಧಿಕಾರದಲ್ಲಿ ಹೀಗೆ ನೋಂದಣಿಯಾಗದ ಕುದುರೆಗೆ ರೇಸಿನಲ್ಲಿ ಓಡಲು ಅವಕಾಶವಿಲ್ಲ.