ಚಂಡಮಾರುತ ಬರ್ತಿದೆ, ಹಡಗಿನ ಟಿಕೆಟ್ ಏನು ಮಾಡೋದು?

ಈ ಸಂಚಿಕೆಯ ವಿಷಯ ಸಿಕ್ಕಿದ್ದು ಒಂದು ವಾಯ್ಸ್ ಮೆಸೇಜಿನಿಂದ. ಕಳಿಸಿದ್ದು ಗುಬ್ಬಿ ತಾಲ್ಲೂಕು ನಿಟ್ಟೂರಿನ ಒಬ್ಬ ಕೇಳುಗ. ಅವರ ಮಾತಿನಲ್ಲೇ ಹೇಳ್ತೀನಿ: "ಅಣ್ಣ, ಅಪ್ಪ-ಅಮ್ಮನ ಮದುವೆ ಆಗಿ ಇಪ್ಪತ್ತೈದು ವರ್ಷ ಆಯ್ತು ಅಂತ ನಾನೂ ನಮ್ಮಕ್ಕನೂ ಸೇರ್ಕಂಡು ಮುಂಬೈಯಿಂದ ಕ್ರೂಸ್ ಬುಕ್ ಮಾಡಿದ್ವಿ. ಮೇ ಮೂರನೇ ವಾರ. ಅಪ್ಪನೂ ಕೊಬ್ಬರಿ ಮಾರಿದ ದುಡ್ಡಲ್ಲಿ ಒಂದಿಷ್ಟು ಹಾಕವ್ರೆ. ಈಗ ಟೀವೀಲಿ ಅರಬ್ಬಿ ಸಮುದ್ರದಲ್ಲಿ ಸೈಕ್ಲೋನ್ ಆಗ್ಬೋದು ಅಂತವ್ರೆ. 'ಕ್ಯಾನ್ಸಲ್ ಮಾಡ್ಬಿಡಪ್ಪ, ನೀರಿನ ಸವಾಸ ಬ್ಯಾಡ' ಅಂತ ಅಪ್ಪ ಕೂತವ್ರೆ. ಇವತ್ತು ಮಾಡಿದ್ರೆ ದುಡ್ಡು ಬರುತ್ತಾ? ಕಾದ್ರೆ ಬರುತ್ತಾ?"

ಸಮುದ್ರದಿಂದ ಇಷ್ಟು ದೂರದ ಊರಲ್ಲಿ ಕೂತು ಕೇಳಿದ ಪ್ರಶ್ನೆ, ಆದ್ರೆ ಸರಿಯಾದ ಪ್ರಶ್ನೆ. ಉತ್ತರವನ್ನ ಮೊದಲೇ ಹೇಳಿಬಿಡ್ತೀನಿ. ಬರೀ ಟೀವಿ ಸುದ್ದಿ ನೋಡಿ ನೀವಾಗಿಯೇ ಕ್ಯಾನ್ಸಲ್ ಮಾಡಬೇಡಿ. ಯಾರು ಕ್ಯಾನ್ಸಲ್ ಮಾಡಿದ್ರು ಅನ್ನೋದರ ಮೇಲೆ ದುಡ್ಡಿನ ಲೆಕ್ಕ ನಿಂತಿರುತ್ತೆ. ನೀವು ಮಾಡಿದ್ರೆ ಅದು ನಿಮ್ಮ ಇಷ್ಟದ ರದ್ದತಿ. ಪ್ರಯಾಣದ ದಿನ ಹತ್ತಿರ ಬಂದಷ್ಟೂ ಕಡಿತ ಜಾಸ್ತಿ, ಕೊನೆಯ ದಿನಗಳಲ್ಲಿ ಬಹುತೇಕ ಕಂಪನಿಗಳು ಪೂರ್ತಿ ಹಣ ಹಿಡಿದುಕೊಳ್ತವೆ. ಅದೇ ಹಡಗಿನ ಕಂಪನಿಯೇ ಯಾನ ರದ್ದು ಮಾಡಿದ್ರೆ ಸಾಮಾನ್ಯವಾಗಿ ಪೂರ್ತಿ ಹಣ ವಾಪಸ್, ಇಲ್ಲಾ ಬೇರೆ ದಿನಾಂಕ. ಬಿರುಗಾಳಿ ಒಂದೇ, ಟಿಕೆಟ್ಟೂ ಒಂದೇ, ಆದ್ರೆ ಬಟನ್ ಒತ್ತಿದ್ದು ಯಾರು ಅನ್ನೋದರಿಂದ ಸಾವಿರಾರು ರೂಪಾಯಿ ಆಚೀಚೆ ಆಗುತ್ತೆ.

ಹಾಗಾದ್ರೆ ಎಷ್ಟು ದಿನ ಕಾಯೋದು? ಇದಕ್ಕೆ ಚಂಡಮಾರುತ ಹೇಗೆ ನಡೆಯುತ್ತೆ ಅಂತ ಸ್ವಲ್ಪ ಗೊತ್ತಿರಬೇಕು. ಅಮೆರಿಕದ ಸುದ್ದಿಯಲ್ಲಿ ಹರಿಕೇನ್ ಅಂತಾರೆ, ಜಪಾನ್ ಕಡೆ ಟೈಫೂನ್ ಅಂತಾರೆ, ನಮ್ಮಲ್ಲಿ ಸೈಕ್ಲೋನ್. ವಸ್ತು ಒಂದೇ, ಹೆಸರು ಬೇರೆ. ನಮ್ಮ ಸಮುದ್ರಗಳಲ್ಲಿ ಇವು ಹೆಚ್ಚಾಗಿ ಏಳೋದು ವರ್ಷಕ್ಕೆ ಎರಡು ಸಲ: ಮುಂಗಾರಿಗೆ ಮುಂಚೆ ಏಪ್ರಿಲ್‌ನಿಂದ ಜೂನ್ ಮೊದಲ ಭಾಗದವರೆಗೆ, ಆಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಬೇಸಿಗೆ ರಜೆ, ದಸರಾ-ದೀಪಾವಳಿ ರಜೆ, ವರ್ಷದ ಕೊನೆ. ಅಂದ್ರೆ ನಾವು ಟೂರ್ ಹಾಕೋ ಹೊತ್ತಿಗೆ ಸರಿಯಾಗಿ.

ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿದ ಮೇಲೆಯೇ ಅದಕ್ಕೆ ಹೆಸರಿಡೋದು. ಅಲ್ಲಿವರೆಗೂ ಅದು ವಾಯುಭಾರ ಕುಸಿತ. ಹಾಗಾಗಿ ಟೀವಿಯಲ್ಲಿ "ಕುಸಿತ" ಅಂದಾಗ ಇನ್ನೂ ಏನೂ ನಿಶ್ಚಯ ಆಗಿರಲ್ಲ. ಅದು ಬೆಳೀಬಹುದು, ಕರಗಿಯೂ ಹೋಗಬಹುದು.

ಎರಡು ಉದಾಹರಣೆ ನೋಡಿ. 2021ರ ಮೇ 14ರಂದು ಹೆಸರು ಪಡೆದ ತೌಕ್ತೆ, ನಮ್ಮ ಕರಾವಳಿಯನ್ನ ಉಜ್ಜಿಕೊಂಡು ಹೋಗಿ ಮೇ 17ರ ರಾತ್ರಿ ಗುಜರಾತ್ ತೀರಕ್ಕೆ ಅಪ್ಪಳಿಸಿತು. ಮೂರ್ನಾಲ್ಕು ದಿನದ ಕಥೆ. 2023ರ ಬಿಪರ್‌ಜಾಯ್ ಜೂನ್ 6ರ ಸುಮಾರಿಗೆ ಎದ್ದು, ನಿಂತು, ತಿರುಗಿ, ಮತ್ತೆ ನಡೆದು, ಜೂನ್ 15ಕ್ಕೆ ಕಛ್‌ನ ಜಖೌ ಬಂದರಿನ ಬಳಿ ದಡ ಸೇರಿತು. ತೌಕ್ತೆಯಂಥದ್ದು ಬಂದ್ರೆ ಯೋಚನೆ ಮಾಡೋಕೆ ಟೈಮೇ ಇರಲ್ಲ. ಬಿಪರ್‌ಜಾಯ್‌ನಂಥದ್ದು ಬಂದ್ರೆ ವಾರಗಟ್ಟಲೆ ಹೊಟ್ಟೆಯಲ್ಲಿ ಚಿಟ್ಟೆ.

ಭಾರತೀಯ ಹವಾಮಾನ ಇಲಾಖೆ, ಅಂದ್ರೆ ಐಎಂಡಿ, ನಾಲ್ಕು ಹಂತದಲ್ಲಿ ಎಚ್ಚರಿಕೆ ಕೊಡುತ್ತೆ. ಸುಮಾರು 72 ಗಂಟೆ ಮುಂಚೆ ಒಂದು ಮುನ್ಸೂಚನೆ, 48 ಗಂಟೆ ಮುಂಚೆ ಹಳದಿ ಅಲರ್ಟ್, 24 ಗಂಟೆ ಮುಂಚೆ ಆರೆಂಜ್ ಎಚ್ಚರಿಕೆ, ಕೊನೆಯ 12 ಗಂಟೆಯಲ್ಲಿ ಕೆಂಪು. ನಿಮ್ಮ ನಿರ್ಧಾರಗಳೆಲ್ಲಾ ಬೀಳಬೇಕಾದ್ದು 72 ಮತ್ತು 24 ಗಂಟೆಯ ನಡುವೆ. ಅದಕ್ಕಿಂತ ಮುಂಚೆ ಮಾಡಿದ್ರೆ ಅವಸರ. ಅದಾದ ಮೇಲೆ ಮಾಡಿದ್ರೆ ಸೀಟೂ ಸಿಗಲ್ಲ, ರೂಮೂ ಸಿಗಲ್ಲ. ಐಎಂಡಿ ಜಾಲತಾಣದಲ್ಲೇ ಚಂಡಮಾರುತದ ದಾರಿಯ ನಕ್ಷೆ ಇರುತ್ತೆ, ಅದನ್ನ ನೋಡಿ. ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಅಲೆ ಹಡಗಿನ ಮೇಲೆ ಬೀಳೋ ವಿಡಿಯೊ ಬಂದಿರುತ್ತಲ್ಲ, ಅದು ಯಾವ ಸಮುದ್ರದ್ದೋ, ಯಾವ ವರ್ಷದ್ದೋ.

ಈಗ ಹಡಗಿನ ವಿಷಯ. ಅಪ್ಪಂದಿರಿಗೆ ಇರೋ ಭಯ ಹಡಗು ಬಿರುಗಾಳಿಗೆ ಸಿಕ್ಕಿಕೊಳ್ಳುತ್ತೆ ಅಂತ. ಆ ಭಯ ಸುಳ್ಳಲ್ಲ. ತೌಕ್ತೆ ಹೊತ್ತಿನಲ್ಲಿ ಕೋವಿಡ್ ಕಾರಣಕ್ಕೆ ಪ್ರವಾಸಿ ಹಡಗುಗಳು ಓಡ್ತಿರಲಿಲ್ಲ, ಆದ್ರೆ ಕೆಲಸದ ದೋಣಿಗಳು ಸಮುದ್ರದಲ್ಲಿದ್ವು. ನಮ್ಮ ಮೂಲ್ಕಿ-ಕಾಪು ಕಡೆ 'ಕೋರಮಂಡಲ್ ಸಪೋರ್ಟರ್ 9' ಅನ್ನೋ ಟಗ್ ಬಂಡೆಗಳ ಹತ್ತಿರ ಸಿಕ್ಕಿಹಾಕಿಕೊಂಡು, ಅದರಲ್ಲಿದ್ದ ಒಂಬತ್ತು ಜನರನ್ನ ಮೇ 17ರಂದು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯವರು ಕಾಪಾಡಿದ್ರು. ಮುಂಬೈ ಹೊರಗಿನ ತೈಲ ಕ್ಷೇತ್ರದಲ್ಲಿ ಪಿ-305 ಬಾರ್ಜ್ ಮುಳುಗಿ ಹತ್ತಾರು ಜೀವ ಹೋಯ್ತು.

ಆದ್ರೆ ಆ ದೋಣಿಗಳು ಇದ್ದ ಜಾಗದಿಂದ ಬೇಗ ಜಾಗ ಖಾಲಿ ಮಾಡೋಕೆ ಆಗುವಂಥವಲ್ಲ. ಪಿ-305ಕ್ಕಂತೂ ಸ್ವಂತ ಎಂಜಿನ್ನಿನ ಓಟವೇ ಇರಲಿಲ್ಲ. ದೊಡ್ಡ ಕ್ರೂಸ್ ಹಡಗು ಹಾಗಲ್ಲ. ಅದು ಗಂಟೆಗೆ ಮೂವತ್ತು ಕಿಲೋಮೀಟರಿಗಿಂತ ಜಾಸ್ತಿ ಓಡುತ್ತೆ. ಚಂಡಮಾರುತದ ಒಳಗಿನ ಗಾಳಿ ಎಷ್ಟೇ ಜೋರಿರಲಿ, ಇಡೀ ವ್ಯವಸ್ಥೆ ಮುಂದಕ್ಕೆ ಸರಿಯೋದು ನಮ್ಮ ಕಡೆ ಹೆಚ್ಚಾಗಿ ಗಂಟೆಗೆ ಹತ್ತು-ಇಪ್ಪತ್ತು ಕಿಲೋಮೀಟರ್, ಗುಬ್ಬಿ ಸಂತೆಗೆ ಹೋಗೋ ಸೈಕಲ್ಲಿನ ವೇಗ. ಹಾಗಾಗಿ ಕ್ಯಾಪ್ಟನ್ ಮಾಡೋ ಮೊದಲ ಕೆಲಸ ದೂರ ಹೋಗೋದು. ಗೋವಾ ಅಂತ ಹೊರಟಿದ್ದು ಕೊಚ್ಚಿಗೆ ಹೋಗಬಹುದು, ಲಕ್ಷದ್ವೀಪ ಬಿಟ್ಟು ಎರಡು ದಿನ ಸುಮ್ಮನೆ ಸಮುದ್ರದಲ್ಲೇ ಸುತ್ತಬಹುದು.

ಇಲ್ಲೇ ಬಹಳ ಜನಕ್ಕೆ ಸಿಟ್ಟು ಬರೋದು. "ಲಕ್ಷದ್ವೀಪ ತೋರಿಸ್ತೀವಿ ಅಂದು ತೋರಿಸಲಿಲ್ಲ, ದುಡ್ಡು ಕೊಡಿ" ಅಂದ್ರೆ ಕೊಡಲ್ಲ. ಸುರಕ್ಷತೆಗಾಗಿ ದಾರಿ ಬದಲಿಸೋ, ಬಂದರು ಬಿಡೋ ಹಕ್ಕು ಕ್ಯಾಪ್ಟನ್‌ಗೆ ಇದೆ ಅಂತ ಟಿಕೆಟ್ಟಿನ ಷರತ್ತಿನಲ್ಲೇ ಇರುತ್ತೆ. ಬಿಟ್ಟುಹೋದ ಬಂದರಿನ ಶುಲ್ಕವನ್ನ ವಾಪಸ್ ಕೊಡೋ ಪದ್ಧತಿ ಹಲವು ಕಂಪನಿಗಳಲ್ಲಿದೆ, ಅದನ್ನ ಕೇಳಿ ಪಡೀರಿ, ಅಷ್ಟೇ. ಲಕ್ಷದ್ವೀಪದ ವಿಷಯದಲ್ಲಿ ಇನ್ನೊಂದು ಮಾತು: ಅಲ್ಲಿ ದೊಡ್ಡ ಹಡಗು ನೇರ ದಡಕ್ಕೆ ಹೋಗೋದು ಕಷ್ಟ, ಆಳ ಇಲ್ಲದ ನೀರು. ಜನರನ್ನ ಸಣ್ಣ ದೋಣಿಗೆ ಇಳಿಸಿ ಕರ್ಕೊಂಡು ಹೋಗ್ತಾರೆ. ಚಂಡಮಾರುತ ಐನೂರು ಕಿಲೋಮೀಟರ್ ಆಚೆ ಇದ್ರೂ ಅಲೆ ಎದ್ರೆ ಆ ದೋಣಿ ಬಿಡಲ್ಲ. ಬಿಸಿಲು ಹೊಡೀತಿರುತ್ತೆ, ದ್ವೀಪ ಕಣ್ಣೆದುರಿಗೇ ಇರುತ್ತೆ, ಇಳಿಯೋ ಹಾಗಿಲ್ಲ.

ನನ್ನ ಲೆಕ್ಕದಲ್ಲಿ ಜನ ದುಡ್ಡು ಕಳ್ಕೊಳ್ಳೋದು ಸಮುದ್ರದಲ್ಲಿ ಅಲ್ಲ, ಮನೆಯಿಂದ ಬಂದರಿನವರೆಗಿನ ದಾರಿಯಲ್ಲಿ. ನಿಟ್ಟೂರಿನಿಂದ ಬೆಂಗಳೂರಿಗೆ ರೈಲು ಅಥವಾ ಬಸ್, ಅಲ್ಲಿಂದ ಮುಂಬೈಗೆ ವಿಮಾನ, ಆಮೇಲೆ ಹಡಗು. ನಿಮ್ಮ ಕಣ್ಣಿಗೆ ಇದು ಒಂದೇ ಟೂರ್. ಕಾನೂನಿನ ಕಣ್ಣಿಗೆ ಮೂರು ಬೇರೆ ಬೇರೆ ಒಪ್ಪಂದ, ಒಬ್ಬರಿಗೊಬ್ಬರಿಗೆ ಸಂಬಂಧವೇ ಇಲ್ಲ. ತೌಕ್ತೆ ಬಂದ ದಿನ, 2021ರ ಮೇ 17ರಂದು, ಮುಂಬೈ ವಿಮಾನ ನಿಲ್ದಾಣ ಸುಮಾರು 11 ಗಂಟೆ ಮುಚ್ಚಿತ್ತು. 2023ರ ಡಿಸೆಂಬರ್ 4ಕ್ಕೆ ಮಿಚಾಂಗ್ ಚಂಡಮಾರುತದ ಮಳೆಗೆ ಚೆನ್ನೈ ವಿಮಾನ ನಿಲ್ದಾಣದ ರನ್‌ವೇ ಮೇಲೆ ನೀರು ನಿಂತು ಬಂದ್ ಆಯ್ತು, ಬೆಂಗಳೂರು-ಮೈಸೂರಿನಿಂದ ಚೆನ್ನೈಗೆ ಹೋಗೋ ಹಲವು ರೈಲುಗಳೂ ರದ್ದಾದ್ವು.

ಅಂಥ ದಿನ ನಿಮ್ಮ ವಿಮಾನ ಹಾರಲಿಲ್ಲ, ಹಡಗು ಮಾತ್ರ ಹೊರಟುಹೋಯ್ತು ಅಂದುಕೊಳ್ಳಿ. ಹಡಗಿನವರ ದಾಖಲೆಯಲ್ಲಿ ನೀವು "ಬರಲಿಲ್ಲ", ಅಷ್ಟೇ. ಯಾಕೆ ಬರಲಿಲ್ಲ ಅನ್ನೋದು ಅವರಿಗೆ ಬೇಡ. ಹಣ ಹೋಯ್ತು. ಹಡಗು ಬಿಡೋ ಒಂದು-ಒಂದೂವರೆ ಗಂಟೆ ಮುಂಚೆಯೇ ಬಾಗಿಲು ಹಾಕ್ತಾರೆ, ನಮ್ಮ ಬಸ್ ಕಂಡಕ್ಟರ್ ಹಾಗೆ "ಬಾರಪ್ಪ ಬೇಗ" ಅಂತ ಕಾಯೋರು ಯಾರೂ ಇಲ್ಲ.

ಅದಕ್ಕೇ ನಾನು ಹೇಳೋದು, ಇಂಥ ತಿಂಗಳಲ್ಲಿ ಹಡಗಿನ ದಿನವೇ ವಿಮಾನ ಹತ್ತಬೇಡಿ. ಒಂದು ದಿನ ಮುಂಚೆ ಮುಂಬೈಯಲ್ಲಿರಿ. ಒಂದು ರಾತ್ರಿಯ ಲಾಡ್ಜ್ ಬಾಡಿಗೆ ಇಡೀ ಟಿಕೆಟ್ಟಿನ ಮುಂದೆ ಏನೂ ಅಲ್ಲ. ಈಗಾಗಲೇ ಅದೇ ದಿನಕ್ಕೆ ಬುಕ್ ಆಗಿದ್ರೆ, ಚಂಡಮಾರುತ ಹತ್ತಿರ ಬಂದಾಗ ವಿಮಾನ ಕಂಪನಿಗಳು ಹೆಚ್ಚಾಗಿ ಒಂದು ಪ್ರಕಟಣೆ ಹಾಕ್ತವೆ, ಇಂತಿಂಥ ಊರಿನ ಟಿಕೆಟ್ ಶುಲ್ಕ ಇಲ್ಲದೆ ಬದಲಿಸಬಹುದು ಅಂತ. ಬಹಳ ಜನ ಅದನ್ನ ಮುಂದಕ್ಕೆ ಹಾಕೋಕೆ ಬಳಸ್ತಾರೆ. ಹಿಂದಕ್ಕೆ ತರೋಕೂ ಬಿಡ್ತಾರಾ ಅಂತ ನೀವು ಕೇಳಿ.

ವಿಮಾನವನ್ನ ಕಂಪನಿಯೇ ರದ್ದು ಮಾಡಿದ್ರೆ ಡಿಜಿಸಿಎ ನಿಯಮದ ಪ್ರಕಾರ ಹಣ ವಾಪಸ್ ಅಥವಾ ಬೇರೆ ವಿಮಾನ, ಆಯ್ಕೆ ನಿಮ್ಮದು. ಹವಾಮಾನ ಕಾರಣ ಆದ್ರೆ ಅದರ ಮೇಲೆ ಪರಿಹಾರ ಇಲ್ಲ. ರೈಲು ರದ್ದಾದ್ರೆ ಇ-ಟಿಕೆಟ್ ಹಣ ತಾನಾಗಿಯೇ ಬರುತ್ತೆ. ರೈಲು ಮೂರು ಗಂಟೆಗಿಂತ ಜಾಸ್ತಿ ತಡ ಆಗಿ ನೀವು ಹೋಗೋದೇ ಬಿಟ್ರೆ, ಆ ರೈಲು ನಿಮ್ಮ ಸ್ಟೇಷನ್ ಬಿಡೋದರೊಳಗೆ ಆನ್‌ಲೈನ್‌ನಲ್ಲಿ ಟಿಡಿಆರ್ ಹಾಕಬೇಕು. ರೈಲು ಹೋದ ಮೇಲೆ ಹಾಕಿದ್ರೆ ಪೂರ್ತಿ ಹಣದ ಆಸೆ ಬಿಡಿ.

ವಿಮೆ ಇದೆಯಲ್ಲ ಅಂತೀರಾ? ಪ್ರಯಾಣ ವಿಮೆಯ ದೊಡ್ಡ ಗುಟ್ಟು ದಿನಾಂಕ. ಚಂಡಮಾರುತದ ಸುದ್ದಿ ಬಂದ ಮೇಲೆ ಕೊಂಡ ವಿಮೆ ಆ ಚಂಡಮಾರುತಕ್ಕೆ ಹೆಚ್ಚಾಗಿ ನಡೆಯಲ್ಲ. ಗೊತ್ತಿದ್ದ ಅಪಾಯ ಅಂತ ತಳ್ಳಿಹಾಕ್ತಾರೆ. ಹಾಗಾಗಿ ಟಿಕೆಟ್ ಮಾಡಿದ ದಿನವೇ ಮಾಡಿಸಬೇಕು. ಬುಕಿಂಗ್ ಆ್ಯಪಿನ ಕೊನೆಯಲ್ಲಿ ಟಿಕ್ ಹಾಕಿ ತಗೊಳ್ಳೋ ಅಗ್ಗದ ವಿಮೆ ಎಷ್ಟೋ ಸಲ ಬ್ಯಾಗ್ ಕಳೆದ್ರೆ, ಕಾಲು ಮುರಿದ್ರೆ ಮಾತ್ರ ಕೊಡುತ್ತೆ. "ಪ್ರಯಾಣ ರದ್ದತಿ" ಮತ್ತು "ಕನೆಕ್ಷನ್ ತಪ್ಪಿದರೆ" ಅನ್ನೋ ಎರಡು ಸಾಲು ಅದರಲ್ಲಿವೆಯಾ, ಹಡಗಿಗೂ ಅನ್ವಯಿಸುತ್ತಾ, ಹುಡುಕಿ ಓದಿ. ವಿಮಾನ ರದ್ದಾದ ಮೆಸೇಜ್, ಹೋಟೆಲ್ ಬಿಲ್ಲು, ಐಎಂಡಿ ಎಚ್ಚರಿಕೆ, ಎಲ್ಲದರ ಸ್ಕ್ರೀನ್‌ಶಾಟ್ ಅವತ್ತೇ ಇಟ್ಕೊಳ್ಳಿ.

ಕಂಪನಿಯೇ ಯಾನ ರದ್ದು ಮಾಡಿದಾಗ ಮೊದಲು ಬರೋ ಇಮೇಲ್ ತುಂಬಾ ಸಿಹಿಯಾಗಿರುತ್ತೆ: ಮುಂದಿನ ಯಾನಕ್ಕೆ ಕ್ರೆಡಿಟ್ ಕೊಡ್ತೀವಿ, ಜೊತೆಗೆ ಒಂದಿಷ್ಟು ರಿಯಾಯಿತಿ. ವರ್ಷಕ್ಕೆರಡು ಸಲ ಹೋಗೋರಿಗೆ ಅದು ಚೆನ್ನಾಗಿದೆ. ಜೀವನದಲ್ಲಿ ಒಂದು ಸಲ ಅಂತ ದುಡ್ಡು ಕೂಡಿಟ್ಟ ಮನೆಗೆ ಕ್ರೆಡಿಟ್ ಯಾಕೆ? ಅದಕ್ಕೆ ಅವಧಿ ಇರುತ್ತೆ, ಮತ್ತೆ ನಾಲ್ಕೂ ಜನಕ್ಕೆ ರಜೆ ಹೊಂದಬೇಕು. ನಗದು ವಾಪಸ್ ಬೇಕು ಅಂತ ಲಿಖಿತವಾಗಿ ಉತ್ತರಿಸಿ. ಏಜೆಂಟ್ ಮೂಲಕ ಬುಕ್ ಮಾಡಿದ್ರೆ ಹಣ ಮೊದಲು ಏಜೆಂಟ್ ಖಾತೆಗೆ ಹೋಗುತ್ತೆ, ಅಲ್ಲಿ ನಿಂತುಬಿಡೋದೂ ಉಂಟು. ಕೊಡದೆ ಸತಾಯಿಸಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೂ ಮಾತಾಡಬಹುದು.

ಅಮೆರಿಕದಲ್ಲಿರೋ ಮಕ್ಕಳು ಅಪ್ಪ-ಅಮ್ಮನ್ನ ಕರೆಸಿಕೊಂಡು ಫ್ಲಾರಿಡಾದಿಂದ ಕ್ರೂಸ್‌ಗೆ ಕಳಿಸೋದೂ ಈಗ ಸಾಮಾನ್ಯ. ಅಲ್ಲಿ ಹರಿಕೇನ್ ಕಾಲ ಜೂನ್ 1ರಿಂದ ನವೆಂಬರ್ 30. 2024ರ ಅಕ್ಟೋಬರ್ 9ರಂದು ಮಿಲ್ಟನ್ ಬಂದಾಗ ಟ್ಯಾಂಪಾ, ಒರ್ಲ್ಯಾಂಡೊ ವಿಮಾನ ನಿಲ್ದಾಣಗಳೂ ಹತ್ತಿರದ ಬಂದರುಗಳೂ ಒಟ್ಟಿಗೇ ಮುಚ್ಚಿದ್ವು. ನಿಯಮ ಹೆಚ್ಚೂ ಕಡಿಮೆ ಇವೇ.

ಹಡಗು ಹತ್ತಿಯಾದ ಮೇಲೆ ಬಿರುಗಾಳಿ ಎದ್ರೆ? ಬಂದರು ಮುಚ್ಚಿದ್ರೆ ಹಡಗು ಒಂದು-ಎರಡು ದಿನ ತಡವಾಗಿ ಬರಬಹುದು. ಬೇಗ ಒಳಗೆ ಬಂದುಬಿಡ್ಲಿ ಅಂತ ನಮಗೆ ಅನಿಸುತ್ತೆ, ಆದ್ರೆ ಅಪಾಯದ ಸಿಗ್ನಲ್ ಏರಿದಾಗ ಬಂದರಿನಲ್ಲಿರೋ ದೊಡ್ಡ ಹಡಗುಗಳನ್ನೇ ಹೊರಗೆ ಕಳಿಸ್ತಾರೆ. ಕಟ್ಟಿಹಾಕಿದ ಹಡಗು ಧಕ್ಕೆಗೆ ಬಡಿದು ಒಡೆಯುತ್ತೆ. ಹಾಗಾಗಿ ಬಿಪಿ, ಶುಗರ್ ಮಾತ್ರೆ ನಾಲ್ಕು ದಿನದ್ದು ಜಾಸ್ತಿ ಇರಲಿ, ಅದೂ ಕೈಚೀಲದಲ್ಲಿ. ವಾಪಸ್ ಬರೋ ವಿಮಾನವನ್ನ ಹಡಗು ಮುಟ್ಟೋ ದಿನ ಬೆಳಗ್ಗೆಗೇ ಇಡಬೇಡಿ. ನಡು ಸಮುದ್ರದಲ್ಲಿ ಮೊಬೈಲ್ ಸಿಗ್ನಲ್ ಇರಲ್ಲ, ಹಡಗಿನ ವೈಫೈಗೆ ಬೇರೆ ದುಡ್ಡು, ಅದನ್ನ ಊರಲ್ಲಿರೋ ಅಜ್ಜಿಗೆ ಮುಂಚೆಯೇ ಹೇಳಿಟ್ಟು ಹೋಗಿ.

ಹೋಗಲೇಬಾರದು ಅಂತ ಅನಿಸೋ ದಿನವೂ ಬರಬಹುದು. ಐಎಂಡಿ ಕೆಂಪು ತೋರಿಸ್ತಿದೆ, ಕಂಪನಿ ಇನ್ನೂ "ಸಮಯಕ್ಕೆ ಸರಿಯಾಗಿ" ಅಂತಿದೆ, ಅಪ್ಪ ರಾತ್ರಿಯೆಲ್ಲಾ ನಿದ್ದೆ ಮಾಡಿಲ್ಲ. ಆಗ ಕಂಪನಿಗೆ ಇಮೇಲ್ ಹಾಕಿ ದಿನಾಂಕ ಬದಲಿಸೋಕೆ ಕೇಳಿ, ಎಷ್ಟೋ ಸಲ ಒಪ್ತಾರೆ. ಒಪ್ಪದೇ ಇದ್ರೆ ಮನೆಯಲ್ಲಿ ಕೂತು ತೀರ್ಮಾನ ಮಾಡಿ, ನಾನಂತೂ ಅಪ್ಪನ ಕಡೆ.

ಕೊನೆಯದಾಗಿ ಫೋನ್ ಕೈಯಲ್ಲಿರೋ ನಿಮಗೆ. ಯಾನ ರದ್ದಾದ ದಿನ ಎಲ್ಲರೂ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕ್ತಾರೆ, ಮೋಸಗಾರರು ಅದನ್ನೇ ಕಾಯ್ತಿರ್ತಾರೆ. ನಂಬರನ್ನ ನಿಮ್ಮ ಟಿಕೆಟ್ಟಿನಿಂದಲೇ ತಗೊಳ್ಳಿ. "ರಿಫಂಡ್ ಕಳಿಸ್ತೀವಿ, ಲಿಂಕ್ ಒತ್ತಿ, ಯುಪಿಐ ಪಿನ್ ಹಾಕಿ" ಅಂದ್ರೆ ಫೋನ್ ಇಟ್ಟುಬಿಡಿ. ನಿಮಗೆ ದುಡ್ಡು ಬರೋಕೆ ಪಿನ್ ಬೇಕಾಗಲ್ಲ. ಹಾಕಿ ದುಡ್ಡು ಹೋಗಿದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಮೊದಲ ಒಂದೆರಡು ಗಂಟೆಯೊಳಗೆ ಹೇಳಿದ್ರೆ ಬ್ಯಾಂಕಿನವರು ಹಣವನ್ನ ದಾರಿಯಲ್ಲೇ ತಡೆಯೋ ಸಾಧ್ಯತೆ ಜಾಸ್ತಿ.